ಆರನೆಯ ಎಳೆ

ನಮ್ಮ ಊರಿನಲ್ಲಿ ಮನುಷ್ಯ ಸತ್ತರೂ ಅವನು ದುಡಿದ ಕೈ ಸಾಯುವುದಿಲ್ಲ. ಅದನ್ನು ನಿಲ್ಲಿಸಬೇಕಾಗುತ್ತದೆ. ನಿಲ್ಲಿಸುವುದು ನನ್ನ ಕೆಲಸವಾಗಿತ್ತು. ನನಗಿಂತ ಮುಂಚೆ ಅಪ್ಪ ಅಡಿವೆಪ್ಪ ಅದನ್ನು ಮಾಡುತ್ತಿದ್ದ. ಅವನಿಗೆ ಗಂಡುಮಕ್ಕಳಿಲ್ಲದ ಕಾರಣ ಚಾಕು ನನ್ನ ಕೈಗೆ ಬಂತು. ಊರಿನವರು ಮೊದಮೊದಲು ಮೂಗು ಮುರಿದರು, ಹೆಣದ ಮುಂದೆ ಹೆಂಗಸು ಕೂರುವುದೇ ಎಂದರು. ಆಮೇಲೆ ಅವರವರ ಮನೆಯಲ್ಲೇ ಸಾವಾದಾಗ ನನ್ನ ಬಾಗಿಲಿಗೇ ಬಂದು ನಿಂತರು. ಮದುವೆ ಮುಂಜಿಗೆ ಮಾತ್ರ ಯಾರೂ ಕರೆಯುತ್ತಿರಲಿಲ್ಲ. ನನಗೂ ಗದ್ದಲ ಸೇರುವುದಿಲ್ಲ, ಸರಿಹೋಯಿತು.

ರೊಟ್ಟಿ ಬಡಿದು ಬಡಿದು ಜೀವ ಸವೆಸಿದ ಹೆಂಗಸಿನ ಕೈ ಸತ್ತ ಮೇಲೂ ಚಾಪೆಯನ್ನು ಬಡಿಯುತ್ತಿರುತ್ತದೆ. ಮೇಷ್ಟರ ಕೈ ಗಾಳಿಯಲ್ಲಿ ಕಾಗುಣಿತ ಬರೆಯುತ್ತದೆ. ಇಸ್ಪೀಟಿನ ಹುಚ್ಚಿದ್ದ ಒಬ್ಬನ ಕೈಗೆ ಅವನ ಗೆಳೆಯರು ಎಲೆಯ ಕಟ್ಟು ಕೊಟ್ಟು, ಕೊನೆಯದಾಗಿ ಒಂದು ಸಲ ಕಲಸಿಸಿಕೊಂಡು, ಒಂದು ಆಟ ಆಡಿ, ಆಮೇಲೆ ಗೊಳೋ ಎಂದು ಅತ್ತಿದ್ದರು. ಸತ್ತವರ ಕೈಯ ಸಹಿ ನಡೆಯುವುದಿಲ್ಲ ಎಂದು ಪಂಚಾಯ್ತಿ ಕಚೇರಿಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ್ದಾರೆ. ಯಾಕೆ ಬರೆಸಬೇಕಾಯಿತು ಎನ್ನುವುದು ಬೇರೆ ಕಥೆ. ಮನೆಯವರು ಆ ಕೈ ಹಿಡಿದುಕೊಂಡು ಅರ್ಧ ದಿನ ಕೂರುತ್ತಾರೆ. ನೋಡಿ, ನನ್ನ ಬೆರಳು ಒತ್ತಿದಳು, ನನ್ನ ಗುರುತು ಸಿಕ್ಕಿತು ಎನ್ನುತ್ತಾರೆ. ನಾನು ಇಲ್ಲ ಎನ್ನುತ್ತಿದ್ದೆ. ಕೈಗೆ ಯಾರ ಗುರುತೂ ಇಲ್ಲ, ಅದಕ್ಕಿರುವುದು ರೂಢಿ ಮಾತ್ರ. ಈ ಮಾತಿಗೆ ನನ್ನನ್ನು ಕಲ್ಲೆದೆಯವಳು ಎಂದು ಬೈದವರು ಕಡಿಮೆಯಿಲ್ಲ. "ಒಂದ ಎಳಿ ಬಿಡವ್ವಾ, ಒಂದ ಬೆರಳಾದ್ರೂ ಆಡ್ಲಿ" ಎಂದು ಕಾಲು ಹಿಡಿದವರೂ ಇದ್ದರು. ನಾನು ಯಾರಿಗೂ ಬಿಟ್ಟಿರಲಿಲ್ಲ. ನರ ಇರುವ ತನಕ ಕೈ ಕೆಡುವುದಿಲ್ಲ. ಉಳಿದ ಮೈಯೆಲ್ಲ ಮಣ್ಣಾದರೂ ಅದೊಂದೇ ನೆಲದಡಿ ಆಡುತ್ತಲೇ ಇರುತ್ತದೆ, ಎಷ್ಟು ವರ್ಷ ಎಂದು ಯಾರಿಗೂ ಗೊತ್ತಿಲ್ಲ.

ಕೆಲಸ ಹೇಳಲು ಸುಲಭ. ಕುತ್ತಿಗೆಯ ಬೆನ್ನೆಲುಬಿನಿಂದ ಐದು ನರಗಳು ಹೊರಟು, ಕುತ್ತಿಗೆಯ ಕೆಳಗಿನ ಅಡ್ಡ ಎಲುಬಿನ ಹಿಂದೆ ಇಳಿದು, ಕಂಕುಳಿಗೆ ಬರುತ್ತವೆ. ಬರುವ ದಾರಿಯಲ್ಲಿ ಐದು ಕೂಡಿ ಮೂರಾಗುತ್ತವೆ, ಮೂರೂ ಸೀಳಿಕೊಂಡು ಮತ್ತೆ ಕೂಡುತ್ತವೆ, ಕಡೆಗೆ ಮತ್ತೆ ಐದಾಗಿ ತೋಳಿಗೆ ಇಳಿಯುತ್ತವೆ. ಬುಡದಲ್ಲೇ ಅವನ್ನು ಬಿಡಿಸಿ ಕತ್ತರಿಸಿದರೆ ಕೈ ನಿಲ್ಲುತ್ತದೆ. ಅಪ್ಪ ನನಗೆ ಕಲಿಸಿದ್ದು ಐದು ದಾರ ಹಿಡಿದು, ಜಡೆ ಹೆಣೆಯುವ ಹಾಗೆ. ಹೆಣೆದು ತೋರಿಸಿದ ಮೇಲೆ ಬಿಚ್ಚಿ ಹೇಳಿದ: "ಇದು ಪುಸ್ತಕದಾಗಿನ ಕೈ, ತುಂಗಾ. ಇಂಥಾ ಕೈ ನಾ ಇನ್ನೂ ನೋಡಿಲ್ಲ."

ಇಬ್ಬರ ತೋಳು ಒಂದೇ ತರಹ ಇರುವುದಿಲ್ಲ. ಅಪ್ಪನ ಹತ್ತಿರ ದಪ್ಪದೊಂದು ನೋಟ್‌ಬುಕ್ಕಿತ್ತು, ತೆರೆದ ಪ್ರತಿ ತೋಳನ್ನೂ ಅದರಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದ. ಕ್ಷೌರ ಮಾಡುತ್ತಿದ್ದ ಒಬ್ಬನ ತೋಳಿನಲ್ಲಿ, ಮಾಂಸವನ್ನು ತೂರಿಕೊಂಡು ಹೋಗಬೇಕಾದ ನರ ತೂರದೆ, ಪಕ್ಕದ ನರಕ್ಕೆ ಅಂಟಿಕೊಂಡು ಅರ್ಧ ದೂರ ಹೋಗಿ ಆಮೇಲೆ ಬೇರೆಯಾಗಿತ್ತು. ಒಬ್ಬ ಮುದುಕಿಯಲ್ಲಿ ಆ ನರವೇ ಇರಲಿಲ್ಲ. ನಡುವಿನ ನರ ಅದರ ಕೆಲಸವನ್ನೂ ತಾನೇ ಹೊತ್ತುಕೊಂಡಿತ್ತು, ಸತ್ತ ತಂಗಿಯ ಮಕ್ಕಳನ್ನು ಸಾಕುವ ಅಕ್ಕನ ಹಾಗೆ. ಅವಳಿ ಅಣ್ಣತಮ್ಮಂದಿರ ತೋಳುಗಳೂ ಬೇರೆ ಬೇರೆ. ಒಬ್ಬನದೇ ಎಡಗೈ ಬೇರೆ, ಬಲಗೈ ಬೇರೆ. ಕೊನೆಯ ಪುಟಗಳಲ್ಲಿ ಕೆಂಪು ಗೆರೆ ಎಳೆದು ಎರಡು ತೋಳು ಬರೆದಿದ್ದ. ಅವೆರಡರಲ್ಲೂ ಎರಡನೆಯ ಪಕ್ಕೆಲುಬಿನ ಅಡಿಯಿಂದ ಸಣ್ಣ ಎಳೆಯೊಂದು ಮೇಲೆ ಹತ್ತಿಬಂದು, ಬೆರಳುಗಳಿಗೆ ಹೋಗುವ ನರವನ್ನು ಸೇರಿಕೊಂಡಿತ್ತು. ಆರನೆಯ ಎಳೆ. ನಲವತ್ತು ವರ್ಷದಲ್ಲಿ ಅವನಿಗೆ ಎರಡೇ ಸಲ ಕಂಡದ್ದು. ನಾನು ಅದನ್ನು ಓದಿದ್ದೆ. ಓದಿ, ನನಗೆಲ್ಲಿ ಸಿಗುತ್ತದೆ ಎಂದು ಮುಚ್ಚಿಟ್ಟಿದ್ದೆ.

ಕತ್ತರಿಸಿದ ಮೇಲೆ ಬಟ್ಟಲಿನ ಪರೀಕ್ಷೆ. ಸತ್ತವರ ಅಂಗೈ ಮೇಲೆ ಅಂಚಿನ ತನಕ ನೀರು ತುಂಬಿದ ಹಿತ್ತಾಳೆ ಬಟ್ಟಲು ಇಟ್ಟು, ಬಾಗಿಲ ನೆರಳು ಒಂದು ಮೊಳ ಸರಿಯುವ ತನಕ ನೋಡುತ್ತ ಕೂರಬೇಕು. ಪಕ್ಕದ ನರಗಳಿಗೆ ಏಟು ಬಿದ್ದಾಗ, ಉಳಿದ ನರವೂ ಸ್ವಲ್ಪ ಹೊತ್ತು ಬೆದರಿ ಸುಮ್ಮನಿದ್ದು ಆಮೇಲೆ ಎಚ್ಚರಾಗುವುದುಂಟು. ನೀರು ಅಲುಗದಿದ್ದರೆ ಹೂಳಬಹುದು. ಹೂಳುವಾಗ ಬೆರಳು ಮಡಚಿ ಮುಷ್ಟಿ ಮಾಡಿ, ಮೊಣಕೈ ಬಗ್ಗಿಸಿ ಮುಂಗೈಯನ್ನು ನೆಟ್ಟಗೆ ಮೇಲಕ್ಕೆ ನಿಲ್ಲಿಸುತ್ತೇವೆ. ಮುಷ್ಟಿಗೂ ನೆಲಕ್ಕೂ ಒಂದೇ ಗೇಣು ಮಣ್ಣು. ಶಾಲೆಯಲ್ಲಿ ಉತ್ತರ ಗೊತ್ತಿದೆ ಎಂದು ಕೈ ಎತ್ತಿದ ಮಕ್ಕಳ ಹಾಗೆ ನಮ್ಮ ಊರಿನ ಸತ್ತವರು ಮಲಗಿದ್ದಾರೆ. ಮೂರನೆಯ ದಿನ ಆ ಮಣ್ಣಿನ ಮೇಲೆ ಬೂದಿ ಸಾರಿಸುತ್ತೇವೆ. ಬೂದಿ ಬಿರುಕು ಬಿಟ್ಟರೆ ಒಳಗೆ ಮುಷ್ಟಿ ಬಿಚ್ಚಿಕೊಂಡಿದೆ ಎಂದು ಅರ್ಥ, ತಪ್ಪು ನರ ಬಿಡಿಸಿದವರದು. ಅವರು ಊರಿನವರ ಮುಂದೆ ಚಾಕು ಇಟ್ಟು ಎದ್ದು ಹೋಗಬೇಕು. ಅಪ್ಪನ ಕಾಲದಲ್ಲಿ ಒಂದು ಸಲವೂ ಬೂದಿ ಬಿರುಕು ಬಿಟ್ಟಿರಲಿಲ್ಲ. ನನ್ನ ಕಾಲದಲ್ಲೂ ಬಿಟ್ಟಿರಲಿಲ್ಲ, ಬಾಳವ್ವ ಸಾಯುವ ತನಕ.

ಬಾಳವ್ವ ಚುರುಮುರಿ ಹುರಿದು, ಬುಟ್ಟಿಯಲ್ಲಿ ಹೊತ್ತು, ಓಣಿ ಓಣಿ ತಿರುಗಿ ಮಾರುವವಳು. ಗಂಡ ಹೋಗಿ ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು ನೀಲವ್ವ, ಮೂವತ್ತರ ಹತ್ತಿರದವಳು. ನಾಲ್ಕು ವರ್ಷದವಳಿದ್ದಾಗ ಬಂದ ಜ್ವರ ಅವಳ ಕಣ್ಣು ಕಿವಿ ಎರಡನ್ನೂ ಕಿತ್ತುಕೊಂಡು ಹೋಗಿತ್ತು. ಆಗ ಕಲಿತಿದ್ದ ಮಾತೂ ಬರಬರುತ್ತ ನಾಲಿಗೆಯಿಂದ ಮರೆಯಾಗಿತ್ತು. ತಾಯಿ ಮಗಳು ಮಾತಾಡುತ್ತಿದ್ದುದು ಅಂಗೈಯಲ್ಲಿ. ತಾಯಿ ಬಲಗೈ ಬೆರಳಿನಿಂದ ಮಗಳ ಅಂಗೈಯಲ್ಲಿ ಒತ್ತುತ್ತಿದ್ದಳು, ಗೀರುತ್ತಿದ್ದಳು, ತಟ್ಟುತ್ತಿದ್ದಳು. ಮಗಳು ತಾಯಿಯ ಅಂಗೈಯಲ್ಲಿ ಉತ್ತರ ಕೊಡುತ್ತಿದ್ದಳು. ಅದು ಅವರಿಬ್ಬರೇ ಹುಟ್ಟಿಸಿಕೊಂಡ ಭಾಷೆ. ಸಂಜೆ ಅವರ ಮನೆಯ ಮುಂದೆ ಹಾದುಹೋಗುವಾಗ ಇಬ್ಬರೂ ಕಟ್ಟೆಯ ಮೇಲೆ ಕೈ ಹಿಡಿದು ಕುಳಿತು, ಯಾವುದಕ್ಕೋ ಬಿದ್ದು ಬಿದ್ದು ನಗುವುದನ್ನು ನಾನೂ ನೋಡಿದ್ದೆ. ಊರಿನ ಸುದ್ದಿಯೆಲ್ಲ ಆ ಅಂಗೈಗೆ ತಲುಪುತ್ತಿತ್ತಂತೆ. ನನ್ನ ಸುದ್ದಿಯೂ ಇದ್ದಿರಬೇಕು.

ಒಂದು ಬೆಳಿಗ್ಗೆ ಪಕ್ಕದ ಮನೆಯ ಗೌರಕ್ಕ ಬಂದು, ಬಾಳವ್ವ ಮಲಗಿದ್ದವಳು ಏಳಲಿಲ್ಲ ಎಂದಳು. ಗೌರಕ್ಕ ನನಗಿಂತ ಹದಿನೈದು ವರ್ಷ ದೊಡ್ಡವಳು, ನೇರ ಮಾತಿನ ಹೆಂಗಸು. ಆವತ್ತು ಮಾತ್ರ ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ. ಮನೆಯೊಳಗೆ ಕಾಲಿಟ್ಟಾಗ ಯಾಕೆಂದು ತಿಳಿಯಿತು. ಬಾಳವ್ವ ಚಾಪೆಯ ಮೇಲೆ ಮಲಗಿದ್ದಳು. ಪಕ್ಕದಲ್ಲಿ ನೀಲವ್ವ ಕುಳಿತಿದ್ದಳು. ತಾಯಿಯ ಬಲಗೈ ಅವಳ ಎಡ ಅಂಗೈಯಲ್ಲಿತ್ತು, ಮಾತಾಡುತ್ತಿತ್ತು. ನೀಲವ್ವ ತಲೆದೂಗುತ್ತ, ನಡುನಡುವೆ ತಾಯಿಗೆ ಹೊದಿಕೆ ಎಳೆದು ಹೊದಿಸುತ್ತ, ಆ ತಣ್ಣಗಿನ ಕೈಯನ್ನು ಉಜ್ಜಿ ಬಿಸಿ ಮಾಡುತ್ತಿದ್ದಳು. ಅವ್ವನಿಗೆ ಚಳಿ ಬಂದಿದೆ ಎಂದುಕೊಂಡಿದ್ದಳು.

"ಆಕಿಗೆ ಯಾರೂ ಹೇಳಿಲ್ಲೇನು?" ಎಂದೆ.

"ಯಾರ್ ಹೇಳಬೇಕವ್ವಾ? ಹೆಂಗ ಹೇಳಬೇಕು?" ಎಂದಳು ಗೌರಕ್ಕ. "ಉಣ್ಣು ಅನ್ನೂದು ನನಗ ಗೊತ್ತೈತಿ, ನೀರು ಅನ್ನೂದು ಗೊತ್ತೈತಿ. ಸತ್ತಾಳ ಅನ್ನಾಕ ಏನಂತ ಒತ್ತಬೇಕು ಅನ್ನೂದು ಬಾಳವ್ವಗ ಒಬ್ಬಾಕಿಗೇ ಗೊತ್ತಿತ್ತು."

ನಾನು ಮೂಲೆಯಲ್ಲಿ ಕುಳಿತು ಆ ಕೈಯನ್ನು ನೋಡಿದೆ. ಏನೇನೋ ಹೇಳುತ್ತಿತ್ತು, ಆದರೆ ಒಂದು ಮಾತು ಮತ್ತೆ ಮತ್ತೆ ಬರುತ್ತಿತ್ತು. ಅಂಗೈಯ ನಡುವೆ ಎರಡು ಸಲ ಒತ್ತು. ಕಿರುಬೆರಳಿನ ಬುಡದಿಂದ ಮಣಿಕಟ್ಟಿನ ತನಕ ಒಂದು ಗೆರೆ. ಕೊನೆಗೆ ಹೆಬ್ಬೆರಳ ಬುಡಕ್ಕೆ ಒಂದು ತಟ್ಟು. ಅದೇನು ಎಂದು ಗೌರಕ್ಕನನ್ನು ಕೇಳಿದೆ.

"ಬುಟ್ಟಿ ಹೊತ್ತಕೊಂಡು ಹೊರಡೂ ಮುಂದ ದಿನಾ ಹಂಗ ಮಾಡ್ತಿದ್ಲು. ಎರಡ ಒತ್ತಂದ್ರ, ಇಲ್ಲೇ ಕೂತಿರು. ಆಮ್ಯಾಲಿಂದು, ಈಗ ಬಂದೆ ಅಂತ. ದಿನಕ್ಕ ಹತ್ತ ಸಲ ಹೇಳಾಕಿ. ಈ ಹುಡುಗಿ ಕಟ್ಟಿ ಮ್ಯಾಲೆ ಕೂತರ ಅವ್ವ ಬರೂ ಮಟ ಹಂದತಿರಲಿಲ್ಲ."

ಅದನ್ನು ಹೇಳುತ್ತಿರುವಾಗಲೇ ಕೈ ಮತ್ತೆ ಅದೇ ಮಾತು ಹೇಳಿತು. ಈ ಸಲ ನೀಲವ್ವ ತಲೆಯಾಡಿಸಿ, ತಾಯಿಯ ಕೈಯನ್ನು ಹೊದಿಕೆಯೊಳಗೆ ಇಟ್ಟು, ಎದ್ದು, ಗೋಡೆ ಹಿಡಿದುಕೊಂಡು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ನನಗೆ ನಿರಾಳವಾಯಿತು. ಅವಳನ್ನು ಎಬ್ಬಿಸುವುದು ಹೇಗೆ, ಅತ್ತು ರಂಪ ಮಾಡಿದರೆ ಏನು ಗತಿ ಎಂದು ನಾನು ಯೋಚಿಸುತ್ತಿದ್ದೆ. ಹೆಣದ ಕೈಯೇ ನನ್ನ ಕೆಲಸ ಸುಲಭ ಮಾಡಿಕೊಟ್ಟಿತು. ಆ ಕ್ಷಣದ ನಿರಾಳಕ್ಕೆ ನನ್ನನ್ನು ನಾನು ಈಗಲೂ ಕ್ಷಮಿಸಿಲ್ಲ.

ಬಾಗಿಲು ಅರ್ಧ ಮುಂದೆ ಮಾಡಿ ಕೆಲಸಕ್ಕೆ ಕುಳಿತೆ. ಬಾಳವ್ವನ ತೋಳಿನ ಒಳಗೆ ಎಲ್ಲವೂ ಅಚ್ಚುಕಟ್ಟಾಗಿತ್ತು, ಅಪ್ಪನ ದಾರದ ಜಡೆಯ ಹಾಗೆ. ಪುಸ್ತಕದ ಕೈ ಕೊನೆಗೂ ನನಗೆ ಸಿಕ್ಕಿತು ಎಂದು ಒಳಗೊಳಗೇ ಹೆಮ್ಮೆಪಟ್ಟೆ. ಒಂದು, ಎರಡು, ಮೂರು, ನಾಲ್ಕು, ಐದು. ಐದನ್ನೂ ಕತ್ತರಿಸಿದೆ. ಕೆಳಗೆ ಪಕ್ಕೆಲುಬಿನ ಅಂಚಿನಲ್ಲಿ ಬಿಳಿಚಿದ ಒಂದು ಎಳೆ ಕಂಡಿತ್ತು. ಕೊಬ್ಬು ಎಂದುಕೊಂಡೆ. ಅದನ್ನು ಮುಟ್ಟಿ ನೋಡಲು ಒಂದು ಉಸಿರಿನ ಹೊತ್ತು ಸಾಕಿತ್ತು. ಮುಟ್ಟಲಿಲ್ಲ.

ಬಟ್ಟಲು ಇಟ್ಟೆ. ನೀರು ಕನ್ನಡಿಯಾಗಿ ನಿಂತಿತು. ನೆರಳು ನಾಲ್ಕು ಬೆರಳು ಸರಿಯಿತೋ ಇಲ್ಲವೋ, ಹೊರಗೆ ಶುರುವಾಯಿತು. ನೀಲವ್ವ ಅಂಗೈಯಿಂದ ಕಟ್ಟೆಯನ್ನು ಬಡಿಯುತ್ತಿದ್ದಳು. ಮೂರು ಸಲ ಬಡಿದು ನಿಲ್ಲಿಸುವಳು, ಮತ್ತೆ ಮೂರು ಸಲ. ಅವ್ವ ತಡಮಾಡಿದಾಗ ಕರೆಯುವ ರೀತಿ ಅದು ಎಂದು ಗೌರಕ್ಕ ಪಿಸುಗುಟ್ಟಿದಳು. ಬಡಿತ ನಿಲ್ಲಲಿಲ್ಲ. ಹೋಗಿ ಅವಳ ಕೈ ಹಿಡಿಯಲು ಗೌರಕ್ಕನಿಗೂ ಆಗಲಿಲ್ಲ, ನನಗೂ ಆಗಲಿಲ್ಲ. ಆ ಸದ್ದು ನನ್ನ ಎದೆಯ ಮೇಲೇ ಬೀಳುತ್ತಿತ್ತು. ಎಷ್ಟು ಬೇಗ ಮುಗಿದೀತು ಎನ್ನುವುದೊಂದೇ ತಲೆಯಲ್ಲಿತ್ತು. ನೆರಳು ಅರ್ಧ ಮೊಳ ಬರುವಷ್ಟರಲ್ಲಿ ಬಟ್ಟಲು ಎತ್ತಿ, "ನೀರು ನಿಂತೈತಿ" ಎಂದೆ. ಗೌರಕ್ಕ ನೆರಳಿನ ಕಡೆ ಒಮ್ಮೆ ನೋಡಿದಳು.

ಮಣ್ಣು ಮಾಡುವಲ್ಲಿಗೆ ಊರಿನವರು ನೀಲವ್ವನನ್ನು ಕರೆದೊಯ್ಯಲು ನೋಡಿದರು. ತೋಳು ಹಿಡಿದರೆ ಕೊಡವಿದಳು. ಅವ್ವ ಕೂತಿರು ಎಂದಿದ್ದಾಳೆ, ಇವರು ಯಾರು ಎಬ್ಬಿಸುವವರು? ಹೆಣ ಅವಳ ಮುಂದೆಯೇ ಹಾದುಹೋಯಿತು. ಅವಳು ಬೀದಿಯ ಕಡೆ ಮುಖ ಮಾಡಿ ಕುಳಿತೇ ಇದ್ದಳು. ಎರಡು ದಿನ ಗೌರಕ್ಕ ಕಟ್ಟೆಯ ಮೇಲೇ ಅವಳಿಗೆ ಉಣಿಸಿದಳು, ಅಲ್ಲೇ ಹೊದಿಸಿ ಮಲಗಿಸಿದಳು.

ಮೂರನೆಯ ದಿನ ಬೂದಿ ಸಾರಿಸುವುದಕ್ಕೆ ಹೋದೆ. ಗೌರಕ್ಕ ಬಾಳವ್ವನ ಹಳೆಯ ಸೀರೆಯನ್ನು ನೀಲವ್ವನ ಮೂಗಿಗೆ ಹಿಡಿದು, ಆ ವಾಸನೆಯ ಹಿಂದೆ ಅವಳನ್ನು ಹೇಗೋ ನಡೆಸಿಕೊಂಡು ಬಂದಿದ್ದಳು. ಮಗಳಾದವಳು ಮಣ್ಣು ಮುಟ್ಟಬೇಕು. ನಾನು ಬೂದಿ ಸಾರಿಸಿ ಹಿಂದೆ ಸರಿದೆ. ಗೌರಕ್ಕ ನೀಲವ್ವನ ಅಂಗೈಯನ್ನು ಮಣ್ಣಿನ ಮೇಲೆ ಇಟ್ಟಳು. ಆ ಹುಡುಗಿಯ ಮುಖ ಅರಳಿತು. ಎರಡು ದಿನದಿಂದ ಕಾದವಳು, ಅವ್ವ ಸಿಕ್ಕಿದಳು ಎನ್ನುವ ಹಾಗೆ ನಕ್ಕಳು. ಅವಳ ಬೆರಳುಗಳ ನಡುವೆ ಬೂದಿ ಕೂದಲೆಳೆಯಷ್ಟು ಸೀಳಿತ್ತು. ಅದನ್ನು ನೋಡಿದವಳು ನಾನೊಬ್ಬಳೇ ಎಂದುಕೊಂಡೆ. ಬಗ್ಗಿ, ಅಂಗೈಯಿಂದ ಬೂದಿಯನ್ನು ಒರೆಸಿ ಸಮ ಮಾಡಿ, "ಎಲ್ಲಾ ಸರಿ ಐತಿ" ಎಂದು ಸುತ್ತಲಿದ್ದವರಿಗೆ ಹೇಳಿದೆ.

ಮನೆಗೆ ಬಂದು ಅಪ್ಪನ ನೋಟ್‌ಬುಕ್ಕು ತೆಗೆದೆ. ಕೆಂಪು ಗೆರೆಯ ಪುಟ ತೆರೆದೆ. ನಾನು ಕೊಬ್ಬು ಎಂದುಕೊಂಡ ಎಳೆ ಅಲ್ಲಿ ಅಪ್ಪನ ಪೆನ್ಸಿಲಿನಲ್ಲಿ ಸ್ಪಷ್ಟವಾಗಿ ಇತ್ತು, ಅದೇ ಜಾಗದಲ್ಲಿ, ಅದೇ ಓರೆಯಲ್ಲಿ. ಪಕ್ಕದಲ್ಲಿ ಅವನ ಗುಂಡಗಿನ ಅಕ್ಷರ: ಇದು ಉಳಿದರೆ ತೋಳು ಸಾಯುತ್ತದೆ, ಬೆರಳು ಸಾಯುವುದಿಲ್ಲ, ಪೂರ್ತಿ ನೆರಳು ಕಾಯಬೇಕು.

ಆಗಲೇ ಹೋಗಿ ತಪ್ಪು ಒಪ್ಪಿಕೊಂಡು ಮಣ್ಣು ತೆಗೆಯಬೇಕಿತ್ತು. ಹೋಗಲಿಲ್ಲ. ಚಾಕು ಇಟ್ಟು ಎದ್ದರೆ ಈ ಊರಿನಲ್ಲಿ ನಾನು ಯಾರು? ಅಡಿವೆಪ್ಪನ ಮಗಳು ಬಟ್ಟಲು ಅರ್ಧಕ್ಕೆ ಎತ್ತಿದಳಂತೆ ಎಂದು ಬಾವಿಕಟ್ಟೆಯಲ್ಲಿ ಆಡಿಕೊಳ್ಳುತ್ತಾರೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದು ಯೋಚನೆ. ಆ ಹುಡುಗಿ ನಗುತ್ತಿದ್ದಾಳಲ್ಲ, ಇರಲಿ ಬಿಡು ಎಂದು ನನಗೆ ನಾನೇ ಹೇಳಿಕೊಂಡೆ. ಊರಿನ ಎಷ್ಟೋ ಜನಕ್ಕೆ ನಿರಾಕರಿಸಿದ ಕರುಣೆಯನ್ನು ನನ್ನ ತಪ್ಪಿಗೆ ಹೊದಿಸಿ ಕುಳಿತೆ.

ನೀಲವ್ವ ಅಲ್ಲಿಂದ ಏಳಲಿಲ್ಲ. ಹಗಲು ಬಿಸಿಲು, ರಾತ್ರಿ ಚಳಿ, ಅವಳು ಅಂಗೈಯನ್ನು ಮಣ್ಣಿಗೆ ಒತ್ತಿ ಕುಳಿತೇ ಇದ್ದಳು. ತಾಯಿ ಮೇಲೆ ಎಂಥಾ ಜೀವ ನೋಡು ಎಂದು ಜನ ಕಣ್ಣೊರೆಸಿಕೊಂಡರು. ಗೌರಕ್ಕ ಬುತ್ತಿ ಒಯ್ದರೆ ತಳ್ಳಿದಳು. ಉಣ್ಣು ಎಂದು ಗೌರಕ್ಕ ಒತ್ತಿದರೆ ಅವಳ ಕೈಯನ್ನೇ ಜೋರಾಗಿ ನೂಕಿದಳು, ಅವ್ವ ಮಾತಾಡುವಾಗ ನಡುವೆ ಬಾಯಿ ಹಾಕಿದವರನ್ನು ಸರಿಸುವಂತೆ. ನಾಲ್ಕನೆಯ ದಿನ ನೀರು ಕುಡಿದಿದ್ದಳು. ಐದನೆಯ ದಿನ ಅದೂ ಇಲ್ಲ.

ಆರನೆಯ ದಿನ ಮಧ್ಯಾಹ್ನ ಗೌರಕ್ಕ ನನ್ನ ಬಾಗಿಲಲ್ಲಿ ನಿಂತಳು. "ಮಣ್ಣ ಕೆದರ್ಯಾಳ, ತುಂಗಾ. ಬೆರಳ ಕಾಣಾಕತ್ತಾವ."

ಇನ್ನು ಬಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. "ಬಟ್ಟಲ ನಾ ಅರ್ಧಕ್ಕ ಎತ್ತಿದೆ, ಗೌರಕ್ಕ" ಎಂದೆ. "ಬೂದಿನೂ ನಾನ ಒರೆಸಿದೆ."

"ಗೊತ್ತೈತಿ" ಎಂದಳು. "ನೆರಳ ನಾನೂ ನೋಡಾಕತ್ತಿದ್ದೆ. ಆಕಿ ಕಟ್ಟಿ ಬಡಿಯೂದು ನನಗೂ ಕೇಳಾಕ ಆಗಲಿಲ್ಲ. ಅದಕ್ಕ ಸುಮ್ಮನಾದೆ. ಚಾಕು ತಗೋ, ನಡಿ."

"ನಾಳೆ ಊರ ಮುಂದ ಇಟ್ಟಬಿಡ್ತೀನಿ."

"ನಾಳಿಂದು ನಾಳೆ. ಇವತ್ತು ಬೇಕು."

ಸಮಾಧಿಗಳ ಬಯಲಿನಲ್ಲಿ ಆ ಬಿಸಿಲಿಗೆ ಬೇರೆ ಯಾರೂ ಇರಲಿಲ್ಲ. ನೀಲವ್ವ ಬೋರಲಾಗಿ ಮಲಗಿ, ತಾನು ತೋಡಿದ ಗುಂಡಿಯೊಳಗೆ ಕೈ ಇಳಿಬಿಟ್ಟಿದ್ದಳು. ತುಟಿ ಒಡೆದು ರಕ್ತ ಕರಿಕಟ್ಟಿತ್ತು. ಉಗುರುಗಳಲ್ಲಿ ಮಣ್ಣು. ಗುಂಡಿಯಲ್ಲಿ ಬಾಳವ್ವನ ಮುಷ್ಟಿ ಬಿಚ್ಚಿಕೊಂಡಿತ್ತು, ಮೂರು ಬೆರಳುಗಳು ಮಗಳ ಅಂಗೈಗೆ ತಾಗಿ ನಿಂತಿದ್ದವು. ಅವು ಈಗ ತಾನೇ ಹಿಟ್ಟು ಕಲೆಸಿ ಬಂದ ಬೆರಳುಗಳ ಹಾಗೆ ಮೃದುವಾಗಿದ್ದವು. ಎರಡು ಒತ್ತು, ಒಂದು ಗೆರೆ, ಒಂದು ತಟ್ಟು. ಸ್ವಲ್ಪ ಬಿಟ್ಟು ಮತ್ತೆ ಅದೇ. ಬೇರೆ ಎಲ್ಲ ಮಾತು ತೀರಿಹೋಗಿ, ಆ ಒಂದು ಎಳೆಯಲ್ಲಿ ಅದೊಂದೇ ಉಳಿದಿತ್ತು. ನೀಲವ್ವ ಪ್ರತಿ ಸಲವೂ ತಲೆಯಾಡಿಸುತ್ತಿದ್ದಳು. ಆಗಲಿ ಅವ್ವಾ, ಕೂತಿದ್ದೇನೆ.

ನಾನು ಯಾವುದನ್ನು ಕರುಣೆ ಎಂದುಕೊಂಡಿದ್ದೆನೋ ಅದು ಅವಳನ್ನು ಕೊಲ್ಲುತ್ತಿತ್ತು.

ಭುಜದ ಕಡೆಯಿಂದ ಮಣ್ಣು ತೆಗೆಯತೊಡಗಿದೆವು. ವಾಸನೆ ಎದ್ದಿತು. ಗೌರಕ್ಕ ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಬಾಳವ್ವನ ಮುಖಕ್ಕೆ ಒಂದು ಬಟ್ಟೆ ಹಾಕಿದಳು. ನೀಲವ್ವನಿಗೆ ಆ ವಾಸನೆ ತಿಳಿಯದೇ ಇರಲಿಲ್ಲ, ಅವಳ ಮೂಗಿನ ಹೊಳ್ಳೆಗಳು ಅರಳುತ್ತಿದ್ದವು. ಆದರೆ ಕೈ ಬೇರೆಯೇ ಹೇಳುತ್ತಿತ್ತು. ಜ್ವರ ಬಂದಂದಿನಿಂದ ಅವಳು ನಂಬಿದ್ದು ಆ ಕೈಯನ್ನು, ಮೂಗನ್ನಲ್ಲ.

ಅಂದು ನಾನೇ ಹಾಕಿದ್ದ ಹೊಲಿಗೆ ಬಿಚ್ಚಿ ಪಕ್ಕೆಲುಬಿನ ತನಕ ತೆರೆದೆ. ಸುತ್ತಲಿನದೆಲ್ಲ ಕರಗತೊಡಗಿತ್ತು. ಅದರ ನಡುವೆ ಆರನೆಯ ಎಳೆ ಬೆಳ್ಳಗೆ, ಒದ್ದೆಯಾಗಿ, ಬಿಗಿಯಾಗಿ ನಿಂತಿತ್ತು. ಚಾಕು ಒಯ್ದೆ. ಗೌರಕ್ಕ ನನ್ನ ಮುಂಗೈ ಹಿಡಿದಳು.

"ತಡಿ. ಈಗ ಕತ್ತರಿಸಿದ್ರ ಆಕಿ ಏಳ್ತಾಳೇನು? ಕೈ ಸುಮ್ಮನಾದ್ರ, ಅವ್ವ ಎಲ್ಲೋ ಹೋದ್ಲು, ಬರ್ತಾಳ ಅಂದಕೊಂತಾಳ. ಆಕಿ ಅವ್ವನ ಕಡೀ ಮಾತು ಕೂತಿರು ಅಂತನ ಉಳೀತದ. ಸಾಯೂ ಮಟ ಇಲ್ಲೇ ಕೂಡ್ತಾಳ."

ಗೌರಕ್ಕ ಹೇಳಿದ್ದು ನಿಜ. ಎಳೆಯನ್ನು ಬಿಟ್ಟರೂ ಅವಳು ಕೂತಲ್ಲೇ ಸಾಯುತ್ತಾಳೆ, ಕತ್ತರಿಸಿದರೂ ಅಷ್ಟೇ. ಅವ್ವ ಸತ್ತಿದ್ದಾಳೆ ಎನ್ನುವುದನ್ನು ಅವಳಿಗೆ ಹೇಳಬೇಕಿತ್ತು, ಹೇಳುವ ಮಾತು ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ತೋಳೊಂದೇ.

ನೀಲವ್ವನ ಎಡಗೈ ತಾಯಿಯ ಬೆರಳುಗಳಲ್ಲೇ ಇರಲಿ ಎಂದು ಬಿಟ್ಟು, ಅವಳ ಬಲಗೈಯ ತೋರುಬೆರಳನ್ನು ಹಿಡಿದೆ. ಬೆಚ್ಚಿದಳು. ಗೌರಕ್ಕ ಅವಳ ಬೆನ್ನು ಸವರುತ್ತ ಕುಳಿತಳು. ಆ ಬೆರಳನ್ನು ಮೊದಲು ತಾಯಿಯ ಮೊಣಕೈಗೆ ತಾಗಿಸಿದೆ, ಅಲ್ಲಿಂದ ತೋಳಿನ ಗುಂಟ ಮೇಲೆ, ಭುಜಕ್ಕೆ, ಭುಜದಿಂದ ನಾನು ತೆರೆದ ಜಾಗದ ಒಳಕ್ಕೆ. ಅವಳ ಬೆರಳು ಅಲ್ಲೇ ನಿಂತಿತು. ಆಮೇಲೆ ತಾನೇ ಮುಂದೆ ಹೋಯಿತು. ಕತ್ತರಿಸಿದ ಮೊದಲನೆಯ ನರದ ತುದಿ ಸಿಕ್ಕಿತು, ಒಣಗಿ ದಾರದ ಗಂಟಿನ ಹಾಗಾಗಿತ್ತು. ಎರಡನೆಯದು. ಮೂರನೆಯದು. ಒಂದೊಂದನ್ನೂ ಹಿಂಡಿ ನೋಡಿದಳು, ಎಳೆದು ನೋಡಿದಳು. ಎಳೆದಾಗ ಇನ್ನೊಂದು ಅಂಗೈಗೆ ಏನೂ ಬರಲಿಲ್ಲ. ಐದೂ ಮುಗಿದ ಮೇಲೆ ಬೆರಳನ್ನು ಕೆಳಗೆ ಒಯ್ದು ಆರನೆಯದರ ಮೇಲೆ ಇಟ್ಟೆ.

ಅದು ಮಿಡಿಯುತ್ತಿತ್ತು. ಎರಡು ಮಿಡಿತ ಬಂದವು, ಅದರ ಹಿಂದೆಯೇ ಅವಳ ಎಡ ಅಂಗೈಯಲ್ಲಿ ಎರಡು ಒತ್ತು. ಎಳೆ ಉದ್ದಕ್ಕೆ ಸೆಳೆಯಿತು, ಅಂಗೈಯಲ್ಲಿ ಗೆರೆ. ಕೊನೆಗೆ ಒಂದು ಅದುರು, ಒಂದು ತಟ್ಟು. ನೀಲವ್ವ ಉಸಿರು ಬಿಗಿಹಿಡಿದಳು. ಮತ್ತೊಮ್ಮೆ ಬಂತು. ಮತ್ತೊಮ್ಮೆ. ಎಷ್ಟು ಸಲವೋ ಗೊತ್ತಿಲ್ಲ, ಬಿಸಿಲು ನನ್ನ ನೆತ್ತಿಯಿಂದ ಬೆನ್ನಿಗೆ ಸರಿದಿತ್ತು. ಹೆಬ್ಬೆರಳು ತೋರುಬೆರಳಿನ ನಡುವೆ ಆ ಎಳೆಯನ್ನು ಹಿಡಿದು ಅವಳು ಮೆಲ್ಲಗೆ ಹಿಸುಕಿದಳು. ತಾಯಿಯ ಬೆರಳು ಸುಮ್ಮನೆ ಸೆಟೆಯಿತು, ಅದಕ್ಕೆ ಏನೂ ಅರ್ಥವಿರಲಿಲ್ಲ. ಬಿಟ್ಟಳು. ಮತ್ತೆ ಅದೇ ಮಾತು ಶುರುವಾಯಿತು. ಅವಳ ಬಾಯಿಂದ ಒಂದು ಸಣ್ಣ ದನಿ ಹೊರಟಿತು. ತನ್ನ ದನಿಯನ್ನು ಇಪ್ಪತ್ತೈದು ವರ್ಷದಿಂದ ಕೇಳದವಳ ಅಳು ಅದು. ಗೌರಕ್ಕ ಅವಳನ್ನು ಅಪ್ಪಿಕೊಂಡಳು. ಈ ಸಲ ಕೊಡವಲಿಲ್ಲ.

ಅಳು ಇಳಿದ ಮೇಲೆ ನೀಲವ್ವ ಬಲಗೈಯನ್ನು ಗಾಳಿಯಲ್ಲಿ ಆಡಿಸುತ್ತ ನನ್ನನ್ನು ಹುಡುಕಿದಳು. ನನ್ನ ಮಣಿಕಟ್ಟು ಸಿಕ್ಕಿತು, ಚಾಕುವಿನ ಹಿಡಿ ಸಿಕ್ಕಿತು. ಅಲಗಿನ ಮೇಲೆ ಬೆರಳಾಡಿಸಿ ಅದೇನೆಂದು ತಿಳಿದುಕೊಂಡಳು. ಆಮೇಲೆ ನನ್ನ ಕೈಯನ್ನು ತಾನೇ ಎಳೆದುಕೊಂಡು ಹೋಗಿ ಆ ಎಳೆಯ ಮೇಲೆ ಇಟ್ಟು, ಬಿಟ್ಟಳು.

ಕತ್ತರಿಸಿದೆ. ಆಗ ಎರಡು ಒತ್ತು ಬಂದಿದ್ದವು. ಗೆರೆ ಬರಲಿಲ್ಲ.

ನೀಲವ್ವ ಅಂಗೈ ಒಡ್ಡಿಕೊಂಡು ಬಹಳ ಹೊತ್ತು ಹಾಗೇ ಇದ್ದಳು, ಅರ್ಧಕ್ಕೆ ನಿಂತ ಮಾತಿನ ಉಳಿದರ್ಧಕ್ಕೆ ಕಾಯುತ್ತ. ನಾನು ಬಟ್ಟಲು ತಂದಿರಲಿಲ್ಲ. ಅವಳು ಕಾದಷ್ಟು ಹೊತ್ತೇ ನನ್ನ ಪರೀಕ್ಷೆಯಾಯಿತು. ಏನೂ ಬರುವುದಿಲ್ಲ ಎಂದು ತಿಳಿದ ಮೇಲೆ ಅವಳು ತಾಯಿಯ ಕೈಯನ್ನು ಮೆಲ್ಲಗೆ ತನ್ನ ಕಡೆಗೆ ತಿರುಗಿಸಿ, ಅಂಗೈಗೆ ಹತ್ತಿದ ಮಣ್ಣನ್ನು ಸೆರಗಿನಿಂದ ಒರೆಸಿದಳು. ಆಮೇಲೆ ತನ್ನ ಬೆರಳನ್ನು ಅದರ ನಡುವೆ ಇಟ್ಟು ಎರಡು ಸಲ ಒತ್ತಿದಳು. ಕಿರುಬೆರಳಿನ ಬುಡದಿಂದ ಮಣಿಕಟ್ಟಿನ ತನಕ ಒಂದು ಗೆರೆ ಎಳೆದಳು. ಹೆಬ್ಬೆರಳ ಬುಡಕ್ಕೆ ಒಂದು ತಟ್ಟು ತಟ್ಟಿದಳು. ಅವರಿಬ್ಬರ ಭಾಷೆಯಲ್ಲಿ ನನಗೆ ಗೊತ್ತಿದ್ದದ್ದು ಆ ಒಂದೇ ಮಾತು, ಅದಕ್ಕೇ ಅರ್ಥವಾಯಿತು.

ಅವಳು ಎದ್ದು ನಿಂತಳು. ಗೌರಕ್ಕನ ಹೆಗಲು ಹಿಡಿದುಕೊಂಡು, ಒಮ್ಮೆಯೂ ತಿರುಗದೆ ಊರಿನ ದಾರಿ ಹಿಡಿದಳು. ನಾನೊಬ್ಬಳೇ ಮಣ್ಣು ಮುಚ್ಚಿದೆ. ಬೆರಳು ಮಡಚಿ ಮುಷ್ಟಿ ಮಾಡಿ ಮುಚ್ಚುವುದು ನಮ್ಮ ಪದ್ಧತಿ. ಆ ಕೈಯನ್ನು ಮಾತ್ರ ತೆರೆದೇ ಬಿಟ್ಟೆ. ಮಗಳು ಕಾಯಲು ಹೇಳಿ ಹೋಗಿದ್ದಳಲ್ಲ.